ಚಂದ್ರನಿಗೆಂದು ತಿಕ್ಕಿದ ಕಲ್ಲು

ನನಗೆ ಸಿಟ್ಟು ಬೇಗ ಬರುತ್ತದೆ. ಬಾಗಲಕೋಟೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದ ಅಷ್ಟೂ ವರ್ಷ ಹುಡುಗರು ಬೆನ್ನ ಹಿಂದೆ ನನಗೆ ಏನು ಹೆಸರಿಟ್ಟಿದ್ದರೆಂಬುದು ಗೊತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ. ಜೊತೆಯ ಮಾಸ್ತರರು ಎದುರಿಗೆ 'ಸಂಗಯ್ಯ ಸರ' ಅನ್ನುತ್ತಿದ್ದರು, ಆಚೆ ಹೋಗಿ ನಗುತ್ತಿದ್ದರು. ನಗಲಿ. ಅವರಲ್ಲಿ ಒಬ್ಬನೂ ಪಠ್ಯಪುಸ್ತಕದ ಹೊರಗೆ ಕೈ ಹಾಕಿದವನಲ್ಲ. ನಾನು ಎಂಬತ್ತೊಂದನೇ ಇಸವಿಯಿಂದ ಪ್ರಯೋಗಾಲಯದ ಹಿಂದಿನ ಕೋಣೆಯಲ್ಲಿ ಕುಳಿತು ಚಂದ್ರನ ನೆಲದ ನಕ್ಷೆ ತೆಗೆಯಬಲ್ಲ ಉಪಕರಣ ಕಟ್ಟುತ್ತಿದ್ದೆ.

ಉಪಕರಣ ಅಂದರೆ ದೊಡ್ಡದೇನಲ್ಲ. ಗೇಣುದ್ದದ ಹಿತ್ತಾಳೆ ಕೊಳವೆ, ನಡುವೆ ಕೂದಲಿಗಿಂತ ತೆಳುವಾದ ತಂತಿ, ಒಳಗೆ ಆರ್ಗಾನ್ ಅನಿಲ, ಒಂದು ಬದಿಗೆ ತೆಳುಹಾಳೆಯ ಕಿಟಕಿ. ಕಿಟಕಿಯಿಂದ ಎಕ್ಸ್-ಕಿರಣ ಒಳಗೆ ಹೊಕ್ಕರೆ ತಂತಿಯಲ್ಲಿ ಒಂದು ಮಿಡಿತ ಏಳುತ್ತದೆ. ಕಿರಣಕ್ಕೆ ಬಲ ಎಷ್ಟೋ ಮಿಡಿತ ಅಷ್ಟು ದೊಡ್ಡದು. ಇದಕ್ಕೆ ಕೌಂಟರ್ ಅನ್ನುತ್ತೇವೆ. ಸೂರ್ಯನ ಎಕ್ಸ್-ಕಿರಣ ಚಂದ್ರನ ನೆಲಕ್ಕೆ ಬಡಿದಾಗ ಅಲ್ಲಿನ ಒಂದೊಂದು ಧಾತುವೂ ತನ್ನದೇ ಬಲದ ಕಿರಣವನ್ನು ತಿರುಗಿ ಹೊರಗೆ ಬಿಡುತ್ತದೆ. ಮರಳಿನೊಳಗಿನ ಸಿಲಿಕಾನ್‌ದು ಒಂದು ಬಲ, ಸುಣ್ಣದೊಳಗಿನ ಕ್ಯಾಲ್ಸಿಯಂದು ಇನ್ನೊಂದು. ಚಂದ್ರನನ್ನು ಸುತ್ತುವ ನೌಕೆಯಲ್ಲಿ ಕೌಂಟರ್ ಇಟ್ಟರೆ, ಕೆಳಗೆ ಯಾವ ಜಾಗದಲ್ಲಿ ಎಂಥ ಕಲ್ಲಿದೆ ಎಂದು ಇಳಿಯದೆಯೇ ಹೇಳಬಹುದು. ಅಮೆರಿಕದವರು ಎಪ್ಪತ್ತೊಂದರಲ್ಲಿ, ಎಪ್ಪತ್ತೆರಡರಲ್ಲಿ ಇಂಥವನ್ನು ಒಯ್ದಿದ್ದರು. ಅವರ ನೌಕೆ ಹಾದುಹೋದ ಪಟ್ಟಿಯಷ್ಟೇ ಅವರಿಗೆ ಕಂಡದ್ದು. ಉಳಿದ ಚಂದ್ರ ಹಾಗೆಯೇ ಉಳಿದಿತ್ತು.

ಬೆಂಗಳೂರಿನ ಒಂದು ಪ್ರಯೋಗಾಲಯದವರಿಗೆ ಇಂಥ ಕೌಂಟರುಗಳನ್ನು ಬೇರೆ ಬೇರೆ ಕಲ್ಲುಗಳ ಮೇಲೆ ಪರೀಕ್ಷಿಸಿ ನೋಡುವವರು ಬೇಕಾಗಿದ್ದರು. ನಾನು ಬರೆದೆ. ನಮ್ಮಲ್ಲಿ ಬಸ್ಸು ಹತ್ತಿ ಇಳಿಯುವಷ್ಟರಲ್ಲಿ ಕಲ್ಲಿನ ಜಾತಿ ಬದಲಾಗುತ್ತದೆ: ಬದಾಮಿಯಲ್ಲಿ ಮರಳುಗಲ್ಲು, ಬಾಗಲಕೋಟೆಯ ಸುತ್ತ ಸುಣ್ಣಕಲ್ಲು, ಇಳಕಲ್ಲಿನಲ್ಲಿ ಕೆಂಪು ಗ್ರಾನೈಟು. ಅವರು ಒಪ್ಪಿದರು. ಪರೀಕ್ಷೆ ಸರಿಹೋದರೆ ನನ್ನನ್ನು ಮೂರು ವರ್ಷ ಬೆಂಗಳೂರಿಗೆ ಕರೆಸಿಕೊಳ್ಳುವ ಮಾತೂ ಪತ್ರದಲ್ಲಿತ್ತು. ಆ ಪತ್ರವನ್ನು ನಾನು ಮಾಸ್ತರರ ಕೋಣೆಯಲ್ಲಿ ಬೇಕೆಂದೇ ಎರಡು ದಿನ ಮೇಜಿನ ಮೇಲೆ ಬಿಟ್ಟಿದ್ದೆ.

ಎಂಬತ್ತನಾಲ್ಕರ ದಸರೆ ಮುಗಿದ ವಾರ ಇಳಕಲ್ಲಿಗೆ ಹೋದೆ. ಅಲ್ಲಿ ಅಂದಾನಪ್ಪ ಎಂಬ ಸಾಹುಕಾರನ ಕಲ್ಲು ಕೊಯ್ದು ಪಾಲಿಶ್ ಮಾಡುವ ಕಾರ್ಖಾನೆ ಇತ್ತು. ಹಲಗೆ ಕೊಡುವುದಕ್ಕೆ ಅವನು ತಕ್ಷಣ ಒಪ್ಪಿ, ತನ್ನ ಹಿರಿಯ ಕೆಲಸಗಾರನನ್ನು ಕೂಗಿದ. ಬಂದವನು ಹುಲ್ಲಪ್ಪ. ಐವತ್ತರ ಆಸುಪಾಸು, ಒಣಕಲು ಮೈ, ಹುಬ್ಬಿನ ತುಂಬ ಕಲ್ಲಿನ ಹಿಟ್ಟು. ಆ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಪಾಲಿಶ್ ಮಾಡುತ್ತಿದ್ದನಂತೆ.

"ಇವರು ಚಂದ್ರಲೋಕದ ಕೆಲಸ ಮಾಡೂ ಸರ. ಒಂದು ಛಲೋ ಹಲಗಿ ಬೇಕಂತ ಇವರಿಗಿ" ಎಂದ ಅಂದಾನಪ್ಪ.

"ಗೇಣು ಅಗಲ ಸಾಕು. ಮುಖ ಸಪಾಟ ಇರ್ಲಿ, ನುಣುಪಿರ್ಲಿ" ಎಂದೆ.

"ಇದು ಎಲ್ಲಿಗಿ ಹೋಗ್ತೈತ್ರಿ ಸರ?" ಎಂದು ಹುಲ್ಲಪ್ಪ ಕೇಳಿದ.

"ಚಂದ್ರನ ಕೆಲಸಕ್ಕಂತ ಸಾಹುಕಾರ್ರು ಹೇಳಿದ್ರಲ್ಲ" ಎಂದು ಹೇಳಿ ನಾನು ಹುನಗುಂದದ ಬಸ್ಸು ಹಿಡಿಯಲು ಓಡಿದೆ. ಕೆಲಸದವರ ಜೊತೆ ನಿಂತು ವಿಜ್ಞಾನ ವಿವರಿಸುವ ತಾಳ್ಮೆ ನನಗೆಂದೂ ಇರಲಿಲ್ಲ.

ವಾರದ ಮೇಲೆ ಹಲಗೆ ಬಂತು, ಅರಿವೆಯಲ್ಲಿ ಸುತ್ತಿ, ಹುಲ್ಲಿನಲ್ಲಿಟ್ಟು. ಮುಖ ನೋಡಿಕೊಳ್ಳಬಹುದಾದಷ್ಟು ಹೊಳೆಯುತ್ತಿತ್ತು. ನಾನು ಅದನ್ನು ಕೌಂಟರಿನ ಕೆಳಗಿಟ್ಟೆ. ಪರೀಕ್ಷೆಗೆ ಸೂರ್ಯನ ಬದಲು ವಿಕಿರಣ ಸೂಸುವ ಒಂದು ಚಿಕ್ಕ ಬಿಲ್ಲೆ ಬಳಸುತ್ತಿದ್ದೆವು. ಎಣಿಕೆಗಳನ್ನು ಚೌಕಳಿ ಹಾಳೆಯ ಮೇಲೆ ಗುರುತು ಹಾಕಿಕೊಂಡು ಹೋದಂತೆ ನನ್ನ ಕೈ ನಿಂತಿತು. ಗ್ರಾನೈಟಿನಲ್ಲಿ ತುಸು ಪೊಟ್ಯಾಸಿಯಂ ಇರುತ್ತದೆ, ಆ ಜಾಗದಲ್ಲಿ ಗೆರೆ ಒಂದಿಷ್ಟು ಏರಬೇಕು. ಇಲ್ಲಿ ಅದು ಹತ್ತು ಪಟ್ಟು ಎದ್ದು ನಿಂತಿತ್ತು, ಅದೂ ಸುಣ್ಣಕಲ್ಲು ಇಟ್ಟಾಗ ಏರುವ ಜಾಗಕ್ಕೆ ವಾಲಿಕೊಂಡು. ಮೂರು ಸಲ ನೋಡಿದೆ. ಮೂರು ಸಲವೂ ಅದೇ.

ಕಲ್ಲಿನ ಪೇಟೆಯ ಆಟ ನಾನು ಕೇಳಿದ್ದೆ. ಬಿರುಕುಬಿಟ್ಟ ಹಲಗೆಗೆ ಲೇಪ ತುಂಬಿ, ಮೇಲೆ ಬಣ್ಣ ಕೊಟ್ಟು, ಪಾಲಿಶ್ ಹೊಡೆದು ಒಳ್ಳೆಯದರ ಜೊತೆ ಸಾಗಿಸುವವರಿದ್ದಾರೆ. ನನಗೂ ಹಾಗೇ ಮಾಡಿದ್ದಾನೆ ಅನ್ನಿಸಿದ್ದೇ ತಡ, ಸಿಟ್ಟಿನ ಜೊತೆಗೇ ಒಂದು ಖುಷಿಯೂ ಆಯಿತು. ಕಣ್ಣಿಗೆ ಕಾಣದ ಮೋಸವನ್ನು ನನ್ನ ಕೌಂಟರ್ ಹಿಡಿದಿತ್ತು. ಅಂದೇ ಕುಳಿತು ಬೆಂಗಳೂರಿಗೆ ವರದಿ ಬರೆದೆ. 'ಗ್ರಾನೈಟೆಂದು ಕೊಟ್ಟ ಹಲಗೆಯ ಮುಖದಲ್ಲಿ ಸುಣ್ಣದ ಲೇಪವಿರುವುದನ್ನು ಉಪಕರಣ ಪತ್ತೆಮಾಡಿದೆ' ಎಂದು ಒಂದು ಇಡೀ ಪುಟ ಅದಕ್ಕೇ ಮೀಸಲಿಟ್ಟೆ. ಅಂದಾನಪ್ಪನಿಗೂ ಒಂದು ಪತ್ರ ಬರೆದು, ಅಂಚೆಗೆ ಹಾಕದೆ ನಾನೇ ತೆಗೆದುಕೊಂಡು ಹೊರಟೆ. ಬಸ್ಸಿನಲ್ಲಿ ಕುಳಿತು ಅದನ್ನು ಎರಡು ಸಲ ಓದಿಕೊಂಡು ಮೆಚ್ಚಿಕೊಂಡೆ.

ಅಂದಾನಪ್ಪ ಪತ್ರ ಓದಿ, ಚೌಕಳಿ ಹಾಳೆಯನ್ನು ಅಡ್ಡಡ್ಡ ಹಿಡಿದು ನೋಡಿದ. "ಇದು ಏನ್ ಹೇಳ್ತೈತ್ರಿ ಸರ?"

"ಕಲ್ಲಿನ ಮುಖದ ತುಂಬ ಸುಣ್ಣ ಐತಿ ಅಂತ ಹೇಳ್ತೈತಿ. ಬಿರುಕಿನ ಹಲಗಿಗಿ ಲೇಪ ತುಂಬಿ ನನಗ ಕಳಿಸ್ಯಾನ ನಿಮ್ಮ ಹುಲ್ಲಪ್ಪ. ಛಲೋ ಹಲಗಿ ಯಾರಿಗಿ ಹೋತು, ಅವನ್ನ ಕೇಳ್ರಿ."

ನಾನು ಮೆಲ್ಲಗೆ ಮಾತಾಡುವವನಲ್ಲ. ಅಂಗಳದಲ್ಲಿದ್ದ ಹತ್ತು ಹನ್ನೆರಡು ಜನ ಕೆಲಸ ಬಿಟ್ಟು ನೋಡತೊಡಗಿದರು. ಹುಲ್ಲಪ್ಪ ಕೈ ಒರೆಸಿಕೊಳ್ಳುತ್ತ ಬಂದ.

"ಲೇಪ ಹಚ್ಚಿಲ್ರಿ" ಎಂದ. "ಆ ಹಲಗಿ ನಾನ ಆರಿಸಿ ತಗದದ್ದು. ಕೂದಲೆಳಿಯಷ್ಟೂ ಬಿರುಕು ಇರ್ಲಿಲ್ಲ. ತಿಕ್ಕೇನಿ, ಅಷ್ಟ."

"ಹಂಗಾರ ನನ್ನ ಮಿಷನ್ ಸುಳ್ಳ ಹೇಳ್ತೈತೇನು?"

"ಮಿಷನ್ ನನಗ ಗೊತ್ತಿಲ್ರಿ. ಕಲ್ಲು ಗೊತ್ತೈತಿ."

ಏನು ಹಾಕಿ ತಿಕ್ಕಿದೆ ಎಂದು ನಾನು ಆಗ ಕೇಳಬೇಕಾಗಿತ್ತು. ಮೊದಲ ವರ್ಷದ ಹುಡುಗನೂ ಕೇಳುವ ಪ್ರಶ್ನೆ ಅದು. ಕೇಳಲಿಲ್ಲ. ಅವನು ಟೊಂಕದ ಸಂಚಿಯಿಂದ ಚಿಟಿಕೆ ಭಂಡಾರ ತೆಗೆದು ಅಂಗೈಯಲ್ಲಿಟ್ಟುಕೊಂಡ. ಅವರ ಮನೆದೇವರು ಬೀರಪ್ಪನ ಅರಿಷಿಣದ ಪುಡಿ ಅದು. ಅದನ್ನು ಹಣೆಗೆ ಹಚ್ಚಿಕೊಂಡು, "ಬೀರಪ್ಪನ ಭಂಡಾರ ಮುಟ್ಟಿ ಹೇಳ್ತೇನಿ. ಆ ಕಲ್ಲಿಗಿ ನಾ ಲೇಪ ಹಚ್ಚಿಲ್ಲ, ಹಲಗಿ ಬದಲ್ ಮಾಡಿಲ್ಲ" ಎಂದ. ಅವರಲ್ಲಿ ಭಂಡಾರ ಮುಟ್ಟಿ ಆಡಿದ ಮಾತನ್ನು ಯಾರೂ ಮರಳಿ ಕೇಳುವುದಿಲ್ಲ. ಸುತ್ತ ನಿಂತವರ ಮುಖ ನೋಡಿದರೇ ತಿಳಿಯುತ್ತಿತ್ತು, ಅವರ ಪಾಲಿಗೆ ಜಗಳ ಅಲ್ಲಿಗೆ ಮುಗಿದಿತ್ತು.

"ಅರಿಷಿಣಪುಡಿ ಸಾಕ್ಷಿ ಹೇಳೂದಿಲ್ಲ" ಎಂದೆ ನಾನು. "ಈ ಹಾಳಿ ಹೇಳ್ತೈತಿ. ಕಳ್ಳರೆಲ್ಲಾ ದೇವರನ್ನ ಮುಂದ ಮಾಡ್ಕೊಂಡ ನಿಲ್ಲತಾರ."

ಹುಲ್ಲಪ್ಪ ಚಾಚಿದ ಅಂಗೈಯನ್ನು ಮುಚ್ಚಿ ಮುಷ್ಟಿ ಮಾಡಿದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಅಂದಾನಪ್ಪನ ಕಡೆ ತಿರುಗಿದ. ಅಂದಾನಪ್ಪ ಅವನನ್ನು ನೋಡದೆ ನನ್ನ ಹಾಳೆಯನ್ನೇ ನೋಡುತ್ತ, "ನಾಳಿಂದ ಬರಬ್ಯಾಡ" ಎಂದ.

ನನಗೆ ಪಶ್ಚಾತ್ತಾಪ ಆಯಿತೆಂದು ಬರೆದರೆ ಸುಳ್ಳಾಗುತ್ತದೆ. ಬರುವಾಗ ಅಮೀನಗಡದಲ್ಲಿ ಇಳಿದು ಕರದಂಟು ತಿಂದೆ.

ಬೆಂಗಳೂರಿನಿಂದ ಉತ್ತರ ಬಂತು. ವರದಿ ಅವರಿಗೆ ಹಿಡಿಸಿತ್ತು. ಲೇಪದ ಪುಟ ವಿಶೇಷವಾಗಿ ಹಿಡಿಸಿತ್ತು. ಅವರ ಹಿರಿಯ ವಿಜ್ಞಾನಿಯೊಬ್ಬರು ತಾವೇ ಬಂದು ನೋಡುವವರಿದ್ದರು. ಅವರು ಬರುವುದಕ್ಕೆ ಹನ್ನೊಂದು ದಿನ ಉಳಿದಿದ್ದಾಗ, ಒಂದು ಮಂಗಳವಾರ ಮಧ್ಯಾಹ್ನ, ಹೆಂಗಸೊಬ್ಬಳು ಪ್ರಯೋಗಾಲಯದ ಬಾಗಿಲಿಗೆ ಬಂದು ನಿಂತಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಗಂಟು ಹಾಕಿದ ಅರಿವೆ. ಒಳಗೆ ಬಾ ಎಂದು ನಾನು ಹೇಳಲಿಲ್ಲ, ಅವಳೇ ಬಂದಳು.

"ನಾ ಹನಮವ್ವ. ಹುಲ್ಲಪ್ಪನ ಹೇಣ್ತಿ" ಎಂದಳು. "ಜಗಳಕ್ಕ ಬಂದಿಲ್ಲ. ಕೇಳಾಕ ಬಂದೇನಿ."

"ನನಗ ವ್ಯಾಳ್ಯಾ ಇಲ್ಲ."

"ನನಗೂ ಇಲ್ರಿ. ಕೆರೂರಾಗ ತಂಗಿ ಮನಿಗಿ ಹೋಗ್ತೇನಂತ ಮನ್ಯಾಗ ಹೇಳಿ ಬಂದೇನಿ. ಸಂಜಿಕ ತಿರುಗಿ ಹೋಗಬೇಕು." ಅವಳು ಮೇಜಿನ ಮೇಲಿನ ಹಲಗೆಯನ್ನು ನೋಡಿದಳು, ಗುರುತು ಹಿಡಿದಳು. "ಇಳಕಲ್ಲಾಗ ಒಂದು ಕಾರ್ಖಾನಿಯವರೂ ನಮ್ಮನಿಯವ್ರನ್ನ ಒಳಗ ಬಿಡವಲ್ರು. ಕಳ್ಳ ಅಂತ ಹೆಸರಾಗೈತಿ. ಈಗ ಹುನಗುಂದದ ರಸ್ತಾದಾಗ ಖಡಿ ಒಡ್ಯಾಕ ಹೋಗತಾರ. ಇಪ್ಪತ್ತೆರಡು ವರ್ಷ ಕಲ್ಲಿಗಿ ಹೊಳಪು ಕೊಟ್ಟ ಮನಷ್ಯಾ. ಮನ್ಯಾಗ ಮಾತು ಬಿಟ್ಟಾರ."

"ಅದಕ್ಕ ನಾ ಏನ್ ಮಾಡ್ಲಿ?"

ಅವಳು ಅರಿವೆಯ ಗಂಟು ಬಿಚ್ಚಿದಳು. ಒಳಗೆ ಬಿಳಿ ಪುಡಿ ಇತ್ತು. "ಆ ಕಲ್ಲಿನ ಮುಖದ ಮ್ಯಾಲ ಕಲ್ಲಲ್ಲದ್ದು ಏನೋ ಕಂಡೈತಿ ಅಂತೀರಲ್ಲ. ಅವರು ಹಾಕಿದ್ದು ಇದೊಂದ. ಪಾಲಿಶ್ ಪುಡಿ. ಕಾರ್ಖಾನ್ಯಾಗ ಮಿಷನ್ ಮ್ಯಾಲ ನೀರು ಬಿಟ್ಟು ತಿಕ್ಕತಾರ, ಪುಡಿ ತೊಳದು ಹೋಗತೈತಿ. ಈ ಹಲಗಿ ಹಂಗ ಮಾಡ್ಲಿಲ್ಲ. ಮನಿಗಿ ತಂದು ಮೂರು ದಿನ ಒಣಾ ಪುಡಿ ಹಾಕಿ, ಕಂಬಳಿ ತುಂಡ್ಲೆ ಕೈಯಾಗ ತಿಕ್ಕ್ಯಾರ. ದೇವರ ಗದ್ದಿಗಿ ಕಲ್ಲಿಗಷ್ಟ ಹಂಗ ಮಾಡೂದು."

"ಇದಕ್ಯಾಕ ಮಾಡಿದ?"

"ಕಲ್ಲು ಚಂದ್ರನ ಮ್ಯಾಲ ಹೋಗತೈತಿ ಅಂತ ತಿಳದಿದ್ರು. ಸಾಹುಕಾರ್ರು ಹಂಗ ಅಂದಿದ್ರಂತ, ನೀವೂ ಹೂಂ ಅಂದ್ರಂತ. ನಮ್ಮೂರ ಕಲ್ಲು ಅಲ್ಲಿತನಕ ಮಾರಿ ತೊಳಕೊಳ್ಳದ ಹೋಗಬಾರದು ಅಂದ್ರು."

ನನಗೆ ನಗು ಬರಬೇಕಾಗಿತ್ತು. ಬರಲಿಲ್ಲ. ಒಂದು ಚಮಚ ಪುಡಿಯನ್ನು ಹಾಳೆಯ ಮೇಲೆ ಸುರುವಿ ಕೌಂಟರಿನ ಕೆಳಗಿಟ್ಟು ಬಿಲ್ಲೆಯ ಮುಚ್ಚಳ ತೆಗೆದೆ. ಒಂದೊಂದು ಮಿಡಿತಕ್ಕೂ ಟಿಕ್ ಎನ್ನುವ ಸಣ್ಣ ಸ್ಪೀಕರನ್ನು ನಾನು ಜೋಡಿಸಿದ್ದೆ. ಅಲ್ಲಿಯವರೆಗೆ ನಿಂತು ನಿಂತು ಟಿಕ್ಕೆನ್ನುತ್ತಿದ್ದ ಅದು ಒಮ್ಮೆಲೇ ಒಲೆಯ ಮೇಲಿನ ಹುರಿಗಡಲೆಯಂತೆ ಚಟಚಟ ಸಿಡಿಯತೊಡಗಿತು. ಎಣಿಕೆಯ ಮುಳ್ಳು ನೋಡಿದೆ. ಹಲಗೆಯಲ್ಲಿ ಗೆರೆ ಎದ್ದುನಿಂತ ಜಾಗ ಯಾವುದೋ ಇದೂ ಅಲ್ಲೇ.

ತವರ. ಗ್ರಾನೈಟಿಗೆ ಕೊನೆಯ ಹೊಳಪು ಕೊಡುವ ಬಿಳಿ ಪುಡಿ ತವರದ ಆಕ್ಸೈಡು. ತವರದಿಂದ ಹೊರಡುವ ಒಂದು ಕಿರಣ ಬಲದಲ್ಲಿ ಪೊಟ್ಯಾಸಿಯಂಗೂ ಕ್ಯಾಲ್ಸಿಯಂಗೂ ನಡುವೆ ಬೀಳುತ್ತದೆ, ನನ್ನ ಕೌಂಟರಿಗೆ ಆ ಮೂರನ್ನು ಬಿಡಿಸಿ ಹೇಳುವ ಶಕ್ತಿ ಇಲ್ಲ. ಜೊತೆಗೆ ಅದಕ್ಕೆ ಕಲ್ಲಿನ ಒಳಗು ಕಾಣುವುದೇ ಇಲ್ಲ, ಕಾಣುವುದು ಚರ್ಮದಷ್ಟು ತೆಳುವಾದ ಮೇಲುಪದರ. ಹುಲ್ಲಪ್ಪ ಮೂರು ದಿನ ಕೈಯಿಂದ ತಿಕ್ಕಿ ಆ ಪದರಕ್ಕೆ ತವರ ತುಂಬಿದ್ದ. ನನಗೆ ಇದೆಲ್ಲ ತಿಳಿಯಲು ಎರಡು ನಿಮಿಷವೂ ಹಿಡಿಯಲಿಲ್ಲ. ಬೆಂಗಳೂರಿನವರು ಮೆಚ್ಚಿದ ಪುಟ, ಮಾಸ್ತರರ ಕೋಣೆಯಲ್ಲಿ ನಾನು ಓದಿಹೇಳಿದ ಪುಟ, ಪೂರ್ತಿ ತಪ್ಪು.

"ಏನ್ ಹೇಳ್ತೈತ್ರಿ?" ಎಂದಳು ಹನಮವ್ವ.

ಬಿಲ್ಲೆಯ ಮುಚ್ಚಳ ಹಾಕಿದೆ. ಸದ್ದು ನಿಂತಿತು. "ಏನೂ ಇಲ್ಲ" ಎಂದೆ. "ಇದರಾಗ ಏನೂ ಕಾಣ್ಸಲಿಲ್ಲ."

"ಅದು ಬಡಕೊಂಡದ್ದು ನಾ ಕೇಳೇನಿ."

"ಅದು ಏನಿಟ್ರೂ ಹಂಗ ಬಡಕೋತೈತಿ. ನಿನಗ ತಿಳ್ಯೂದಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಬೈಯಲಿಲ್ಲ, ಅಳಲಿಲ್ಲ. ನಾನೇ ಕಣ್ಣು ತಪ್ಪಿಸಿ ಹಾಳೆಯ ಮೇಲಿನ ಪುಡಿಯನ್ನು ಅರಿವೆಗೆ ಸುರುವಿ ಅವಳ ಕಡೆ ತಳ್ಳಿದೆ. ಅವಳು ಅದನ್ನು ಮುಟ್ಟಲಿಲ್ಲ. "ಪುಡಿ ಇಲ್ಲೇ ಇರ್ಲಿ. ನಮಗೀಗ ಅದರ ಕೆಲಸ ಇಲ್ಲ" ಎಂದು ಹೇಳಿ ಹೊರಟುಹೋದಳು.

ಆ ಹನ್ನೊಂದು ದಿನ ನಾನು ಎಲ್ಲರ ಮೇಲೂ ಹರಿಹಾಯ್ದೆ. ಅಟೆಂಡರನ ಮೇಲೆ, ವಿದ್ಯಾರ್ಥಿಗಳ ಮೇಲೆ, ಚಹಾ ತಂದ ಖಾದರಬಾಷಾನ ಮೇಲೆ. ಅವನು ಮಾತ್ರ ತಿರುಗಿ ಬೈದ, ಅಷ್ಟರಮಟ್ಟಿಗೆ ಅವನಿಗೆ ನಾನು ಋಣಿ. ಪರೀಕ್ಷೆ ಮುಗಿಯಲಿ, ಬೆಂಗಳೂರಿನ ಆದೇಶ ಕೈಗೆ ಬರಲಿ, ಆಮೇಲೆ ಅಂದಾನಪ್ಪನಿಗೆ ಸುಮ್ಮನೆ ಎರಡು ಮಾತು ಹೇಳಿ ಹುಲ್ಲಪ್ಪನನ್ನು ಮತ್ತೆ ಸೇರಿಸಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ದಿನಕ್ಕೆ ಹತ್ತು ಸಲ ಹೇಳಿಕೊಂಡೆ. ಅದನ್ನು ನಾನೇ ನಂಬಿರಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಶನಿವಾರ ಆ ವಿಜ್ಞಾನಿ ಬಂದರು. ಬಿಳಿ ಅಂಗಿ, ಮೆತ್ತಗಿನ ದನಿ. ಸುಣ್ಣಕಲ್ಲು, ಮರಳುಗಲ್ಲುಗಳನ್ನು ಬಟ್ಟೆಯಿಂದ ಮುಚ್ಚಿ ಒಂದೊಂದಾಗಿ ಕೌಂಟರಿನ ಕೆಳಗೆ ತಾವೇ ಇಟ್ಟರು, ಎಣಿಕೆ ನೋಡಿ ಯಾವುದೆಂದು ನಾನು ಹೇಳಬೇಕು. ಒಂದೂ ತಪ್ಪಲಿಲ್ಲ. ಕೊನೆಗೆ ಇಳಕಲ್ಲಿನ ಹಲಗೆಯನ್ನು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಅದ್ಭುತ" ಎಂದರು. "ಕಣ್ಣಿಗೆ ಏನೇನೂ ಗೊತ್ತಾಗುವುದಿಲ್ಲ. ಸಂಗಯ್ಯನವರೇ, ಈ ಪುಟವನ್ನು ನಮ್ಮ ಪ್ರಬಂಧದಲ್ಲಿ ಹಾಗೇ ಸೇರಿಸುತ್ತೇನೆ. ನಾಳೆ ಯಾರಾದರೂ ಈ ಕೌಂಟರಿನಿಂದ ಏನು ಪ್ರಯೋಜನ ಅಂತ ಕೇಳಿದರೆ, ಹಳ್ಳಿಯ ಕಳ್ಳನೊಬ್ಬನನ್ನು ಹಿಡಿದುಕೊಟ್ಟಿದೆ ಅನ್ನೋಣ. ಅವನ ಹೆಸರೇನು ಹೇಳಿದಿರಿ?"

ಹೇಳಿ ನಕ್ಕರು. ಕೆಟ್ಟ ನಗುವೇನಲ್ಲ, ಊಟದ ಹೊತ್ತಿಗೆ ಬಂದ ಅತಿಥಿಯ ನಗು. ನನ್ನ ತಲೆ ಕೆಟ್ಟುಹೋಯಿತು. ಕಳ್ಳ ಎಂಬ ಮಾತು ನನ್ನದೇ. ಅದನ್ನು ಇನ್ನೊಬ್ಬರ ಬಾಯಲ್ಲಿ, ಅಷ್ಟು ಮೆತ್ತಗಿನ ಬೆಂಗಳೂರು ಕನ್ನಡದಲ್ಲಿ ಕೇಳಿದಾಗ ಮೈ ಉರಿದುಹೋಯಿತು. ಒಳ್ಳೆಯತನದಿಂದ ಮುಂದಿನ ಕೆಲಸ ಮಾಡಿದೆ ಎಂದು ಯಾರೂ ತಿಳಿಯಬಾರದು. ಮಾಡಿಸಿದ್ದು ಸಿಟ್ಟು.

"ಕೊಡ್ರಿ ಇಲ್ಲಿ" ಎಂದು ಹಲಗೆಯನ್ನು ಅವರ ಕೈಯಿಂದ ಕಸಿದುಕೊಂಡೆ. ಸಾಣೆಕಲ್ಲು ತೆಗೆದು, ತೊಟ್ಟಿಯಲ್ಲಿ ನೀರು ಬಿಟ್ಟು, ಆ ಹೊಳೆಯುವ ಮುಖವನ್ನು ಅವರ ಎದುರಿಗೇ ಉಜ್ಜತೊಡಗಿದೆ. ಹತ್ತು ನಿಮಿಷ ಉಜ್ಜಿದೆ. ಹೊಳಪು ಹೋಗಿ ಕಲ್ಲು ಮಂಕಾಯಿತು, ಬೆರಳಿನ ಸಂದಿಗಳಲ್ಲಿ ಕೆಂಪು ರಾಡಿ ಇಳಿಯಿತು. ಒರೆಸಿ ಒಣಗಿಸಿ ಕೌಂಟರಿನ ಕೆಳಗಿಟ್ಟೆ. ಗೆರೆ ಎಷ್ಟು ಏರಬೇಕೋ ಅಷ್ಟೇ ಏರಿತು. ಸುಣ್ಣದ ಸುಳಿವೂ ಇರಲಿಲ್ಲ. ಶುದ್ಧ ಇಳಕಲ್ ಗ್ರಾನೈಟು.

"ಲೇಪ ಇಲ್ಲ" ಎಂದೆ. "ಪಾಲಿಶ್ ಪುಡಿಯ ತವರ ಅದು. ಕಲ್ಲು ಖರೇದು, ಕೊಟ್ಟಾಂವನೂ ಖರೇದಾಂವ. ತಪ್ಪು ಓದಿದ್ದು ನಾನ."

"ಇದು ನಿಮಗೆ ಯಾವಾಗ ತಿಳಿಯಿತು?"

"ಈಗ ಹೊಳೀತು" ಎಂದೆ.

ಅವರು ಹಳೆಯ ಹಾಳೆ, ಹೊಸ ಹಾಳೆ ಪಕ್ಕಪಕ್ಕ ಇಟ್ಟು ನೋಡಿದರು. ವರದಿಯಿಂದ ಆ ಪುಟವನ್ನು ಮಡಚಿ, ಹರಿದು, ಮೇಜಿನ ಮೇಲಿಟ್ಟರು. "ಚಂದ್ರನ ಮೇಲೆ ಯಾರೂ ಪಾಲಿಶ್ ಮಾಡುವುದಿಲ್ಲ" ಎಂದರು. "ಕೌಂಟರಿಗೆ ಇದರಿಂದ ತೊಂದರೆಯಿಲ್ಲ. ತೊಂದರೆ ಇರುವುದು ನಿಮ್ಮ ಆತುರದಲ್ಲಿ." ಅವರು ಹೋಗಿ ತಿಂಗಳಾದ ಮೇಲೆ, ನಾನು ಅಷ್ಟು ವರ್ಷದಲ್ಲಿ ಕಟ್ಟಿದ ನಾಲ್ಕೂ ಕೌಂಟರುಗಳನ್ನು ಕಳಿಸಿಕೊಡುವಂತೆ ಪತ್ರ ಬಂತು. ಕೌಂಟರುಗಳು ಬೆಂಗಳೂರಿಗೆ ಹೋದವು. ನಾನು ಹೋಗಲಿಲ್ಲ.

ಆ ಶನಿವಾರ ಕಳೆದ ಸೋಮವಾರವೇ ರಜೆ ಹಾಕಿ ಇಳಕಲ್ಲಿಗೆ ಹೋಗಿದ್ದೆ. ಹೊಸ ಪತ್ರ ಬರೆದುಕೊಂಡಿದ್ದೆ. 'ಹಿಂದಿನ ಪತ್ರದಲ್ಲಿ ಬರೆದದ್ದು ಸರಿಯಲ್ಲ. ಹಲಗೆ ಅಪ್ಪಟ ಗ್ರಾನೈಟು, ಅದರಲ್ಲಿ ಯಾವ ಲೇಪವೂ ಇಲ್ಲ. ಪಾಲಿಶ್ ಪುಡಿಯಲ್ಲಿರುವ ತವರದಿಂದಾಗಿ ಉಪಕರಣ ತಪ್ಪು ತೋರಿಸಿತೆಂದು ಶನಿವಾರದ ಪರೀಕ್ಷೆಯಲ್ಲಿ ತಿಳಿದುಬಂದಿದೆ. ಹುಲ್ಲಪ್ಪನವರು ನಿರ್ದೋಷಿಗಳು.' ಬಸ್ಸಿನಲ್ಲಿ ಇದನ್ನೂ ಓದಿಕೊಂಡೆ. ಇದರಲ್ಲೂ ತಪ್ಪು ಮಾಡಿದ್ದು ಉಪಕರಣವೇ ಆಗಿತ್ತು.

ಅಂದಾನಪ್ಪನ ಮುಖ ಗಂಟಿಕ್ಕಿತು. "ಪತ್ರ ತಂದು ಒಬ್ಬನ್ನ ತಗೀರಿ ಅಂತೀರಿ, ಪತ್ರ ತಂದು ಕರೀರಿ ಅಂತೀರಿ. ಇದು ನನ್ನ ಕಾರ್ಖಾನಿ ಸರ, ನಿಮ್ಮ ಕಾಲೇಜಲ್ಲ" ಎಂದ. ಆದರೆ ಹುಲ್ಲಪ್ಪನ ಜಾಗಕ್ಕೆ ತಂದವನ ಕೈಯಲ್ಲಿ ಹಲಗೆಗಳು ಕೆಡುತ್ತಿದ್ದವೆಂದು ಕಾಣುತ್ತದೆ, ಬೇಡ ಅನ್ನಲಿಲ್ಲ. ಆಳನ್ನು ಕಳಿಸಿ ಕರೆಸಿದ.

ಹುಲ್ಲಪ್ಪ ಬಂದ, ಹಿಂದೆ ಹನಮವ್ವ. ಅವನು ಗೇಟಿನ ಒಳಗೆ ಕಾಲಿಡಲಿಲ್ಲ. ಖಡಿ ಒಡೆದು ಎರಡೂ ಕೈಯ ಬೆರಳುಗಳಿಗೆ ಅರಿವೆ ಸುತ್ತಿಕೊಂಡಿದ್ದ. ಕೆಲಸದವರು ಒಬ್ಬೊಬ್ಬರಾಗಿ ಬಂದು ಅಂಗಳದಲ್ಲಿ ನಿಂತರು. ನಾನು ಪತ್ರವನ್ನು ಓದಿ ಹೇಳಿದೆ. ಹುಲ್ಲಪ್ಪ ಕೇಳಿಸಿಕೊಂಡ. ಅವನ ಮುಖದಲ್ಲಿ ಏನೂ ಸಡಿಲಾಗಲಿಲ್ಲ.

"ಶನಿವಾರ ಅಂತ ಬರದೀರಿ" ಎಂದಳು ಹನಮವ್ವ.

"ಹೌದು."

"ಶನಿವಾರ ಗೊತ್ತಾತು ನಿಮಗ?"

ಹೌದು ಅನ್ನಬಹುದಾಗಿತ್ತು. ಆ ಕೋಣೆಯಲ್ಲಿ ಅವಳನ್ನೂ ನನ್ನನ್ನೂ ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಅವಳ ಮಾತಿಗೆ ಬೆಲೆ ಎಷ್ಟು, ಕಾಲೇಜಿನ ಮಾಸ್ತರನ ಮಾತಿಗೆ ಎಷ್ಟು ಎಂಬುದನ್ನು ಅದೇ ಅಂಗಳದಲ್ಲಿ ಒಮ್ಮೆ ನೋಡಿಯಾಗಿತ್ತು. ಬಾಯಿ ತೆರೆದೆ. ಅವಳು ಅಂದು ನೋಡಿದ ಹಾಗೇ ನೋಡುತ್ತಿದ್ದಳು.

"ಇಲ್ಲ" ಎಂದೆ. "ನೀ ಬಂದ ದಿನಾನ ಗೊತ್ತಾತು."

ಹುಲ್ಲಪ್ಪ ಹೆಂಡತಿಯ ಕಡೆ ತಿರುಗಿದ. ಅವಳು ಬಾಗಲಕೋಟೆಗೆ ಬಂದದ್ದು ಅವನಿಗೆ ಆಗಲೇ ತಿಳಿದದ್ದು. ಅವಳು ಅವನನ್ನು ನೋಡದೆ ನನಗೇ ಹೇಳಿದಳು: "ಕಲ್ಲಿನಾಗ ತಪ್ಪೀರಿ, ಅದು ತಪ್ಪು. ಮನಷ್ಯಾ ಅಂದಮ್ಯಾಲ ತಪ್ಪತಾನ. ಅವತ್ತು ನನ್ನ ಮುಂದ ಏನೂ ಇಲ್ಲ ಅಂದ್ರಲ್ಲ, ಅದು ತಪ್ಪಲ್ಲ. ಹನ್ನೆರಡು ದಿನ ಖಡಿ ಒಡದಾರ ಇವರು ಅದರ ಮ್ಯಾಲ. ಅದನ್ನೂ ಬರೀರಿ."

"ಇನ್ನೇನ್ ಬರೀಬೇಕವಾ, ಕೆಲಸ ಕೊಡಾಕ ನಾ ಒಪ್ಪೇನಲ್ಲ" ಎಂದ ಅಂದಾನಪ್ಪ.

"ಕೆಲಸದ ಮಾತಲ್ರಿ ಸಾಹುಕಾರ್ರ. ಇವರೆಲ್ಲಾರ ಮುಂದ ಕಳ್ಳ ಅಂದಾರ ಸರ. ಇವರೆಲ್ಲಾರ ಮುಂದ ಬರದು ಓದ್ಲಿ."

ನನಗೆ ಮತ್ತೆ ಸಿಟ್ಟು ಬಂತು. ಅಕ್ಷರ ಬಾರದ ಹೆಂಗಸೊಬ್ಬಳು ನನಗೆ ಏನು ಬರೆಯಬೇಕೆಂದು ಹೇಳುತ್ತಿದ್ದಳು. ಪತ್ರ ಅಲ್ಲೇ ಬಿಸಾಕಿ ಬಸ್ ಸ್ಟ್ಯಾಂಡಿಗೆ ನಡೆದುಬಿಡಬೇಕು ಅನ್ನಿಸಿತು. ನನ್ನನ್ನು ತಡೆಯುವವರು ಅಲ್ಲಿ ಯಾರೂ ಇರಲಿಲ್ಲ. ಆದರೂ ಹೋಗಲಿಲ್ಲ. ಕೊನೆಗೆ ಕೊಯ್ದಿಟ್ಟ ಹಲಗೆಗಳ ಸಾಲಿನ ಮೇಲೆ ಕುಳಿತು, ತೊಡೆಯ ಮೇಲೆ ಕಾಗದ ಹರಡಿ, ಪತ್ರದ ಕೆಳಗೆ ಬರೆದೆ: 'ಶನಿವಾರ ತಿಳಿಯಿತೆಂದು ಮೇಲೆ ಬರೆದದ್ದು ಸುಳ್ಳು. ಅದಕ್ಕೆ ಹನ್ನೊಂದು ದಿನ ಮೊದಲು ಹನಮವ್ವ ತಾವೇ ಪುಡಿಯನ್ನು ತಂದು ತೋರಿಸಿದಾಗಲೇ ನನಗೆ ತಿಳಿದಿತ್ತು. ನನ್ನ ಹೆಸರು ಕೆಡಬಾರದೆಂದು ಅವರಿಗೆ ಸುಳ್ಳು ಹೇಳಿ ಕಳಿಸಿದೆ. ಹುಲ್ಲಪ್ಪನವರು ಕಳ್ಳರಲ್ಲವೆಂದು ಗೊತ್ತಿದ್ದೂ ಸುಮ್ಮನಿದ್ದೆ.'

ಎದ್ದು ನಿಂತು ಓದಿದೆ. ಇಪ್ಪತ್ತು ವರ್ಷ ತರಗತಿಯಲ್ಲಿ ಕೂಗಿದ ಗಂಟಲು ಅದು. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ನನಗೇ ಕೇಳಿಸದಷ್ಟು ಇಳಿದಿತ್ತು.

ಹುಲ್ಲಪ್ಪ ಆಗ ಗೇಟು ದಾಟಿ ಒಳಗೆ ಬಂದ. ನನ್ನಿಂದ ಎರಡು ಹೆಜ್ಜೆ ದೂರದಲ್ಲಿ ನಿಂತ.

"ಜೋರಾಗಿ ಓದ್ರಿ ಸರ" ಎಂದ. "ಒಳಗ ಮಿಷನ್ ನಡದೈತಿ. ಹಿಂದ ನಿಂತವ್ರಿಗೆ ಕೇಳವಲ್ದು."

ಮೊದಲಿನಿಂದ ಮತ್ತೆ ಓದಿದೆ.